ಶರಪಂಜರದ ಬಾಣಗಳು ಯಾರವು?

ತ್ರಿವೇಣಿಯವರ ‘ಶರಪಂಜರ’ವನ್ನು ಓದದ ಹೆಂಗಸರು ನನ್ನ ವಯಸ್ಸಿನವರಲ್ಲಿ ಅಪರೂಪ. ಕಾದಂಬರಿ ಓದದವರು ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾವನ್ನಾದರೂ ನೋಡಿರುತ್ತಾರೆ. ಕಾವೇರಿಯ ಕಥೆ ಏನು ಎಂದು ಯಾರನ್ನೇ ಕೇಳಿ, ಉತ್ತರ ಒಂದೇ: ಗಂಡ ಮೋಸ ಮಾಡಿದ, ಹೆಂಡತಿಗೆ ಮತ್ತೆ ಹುಚ್ಚು ಹಿಡಿಯಿತು. ಈ ಉತ್ತರ ಸುಳ್ಳಲ್ಲ. ಆದರೆ ನಮಗೆ ಬಹಳ ಅನುಕೂಲವಾದ ಉತ್ತರ ಎಂಬ ಗುಮಾನಿ ನನಗಿದೆ.

ಕಾವೇರಿ ಓದಿದವಳು, ಉಂಡುಟ್ಟು ಸುಖವಾಗಿದ್ದ ಮನೆಯವಳು. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಹದ ತಪ್ಪುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಬೇರೆ ಲೇಖಕಿಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ತ್ರಿವೇಣಿಯವರ ಕಥೆಗೆ ನಿಜವಾಗಿ ಜೀವ ಬರುವುದೇ ಇಲ್ಲಿಂದ. ವೈದ್ಯರು ‘ವಾಸಿಯಾಗಿದೆ’ ಎಂದು ಕಳಿಸಿದವಳನ್ನು ಮನೆಯಾಗಲೀ ನೆರೆಹೊರೆಯಾಗಲೀ ಹಾಗೆಂದು ಒಪ್ಪುವುದೇ ಇಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ, ಸುಮ್ಮನಿದ್ದರಂತೂ ಇನ್ನೂ ಅನುಮಾನ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ವಿಮರ್ಶೆಯ ಪುಸ್ತಕಗಳು ಬೇಕಾಗಲಿಲ್ಲ. ಬೇತಮಂಗಲದಂಥ ಊರಿನಲ್ಲಿ ಬಾಳಿದ್ದೇ ಸಾಕಾಯಿತು. ಪಾಲಾರ್ ನದಿಗೆ ಕಟ್ಟಿದ ನಮ್ಮ ಕೆರೆಯಿಂದ ಕೋಲಾರದ ಚಿನ್ನದ ಗಣಿಗೆ ಕುಡಿಯುವ ನೀರು ಹೋಗುತ್ತಿತ್ತು. ಅಲ್ಲಿಯ ಸುದ್ದಿ ಇಲ್ಲಿಗೆ ಬರುತ್ತಿತ್ತು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಮಾತಾಡುವ ಊರು. ಹೀಗಾಗಿ ಒಂದೇ ಸುದ್ದಿ ಮೂರು ಭಾಷೆಯಲ್ಲಿ ಬೀದಿ ದಾಟುತ್ತದೆ. ಬಾಣಂತಿಯೊಬ್ಬಳು ರಾತ್ರಿ ನಿದ್ದೆಯಿಲ್ಲದೆ ಏನೇನೋ ಮಾತಾಡಿದರೆ ಒಬ್ಬರು ‘ಸನ್ನಿ’ ಎನ್ನುತ್ತಾರೆ, ಇನ್ನೊಬ್ಬರು ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಲು ಹೇಳುತ್ತಾರೆ. ಕೊನೆಗೆ ಮನೆಯವರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕರೆದುಕೊಂಡು ಹೋಗುವಾಗ ‘ನೆಂಟರ ಮನೆಗೆ’ ಎಂದು ಹೇಳಿ ಹೋಗುತ್ತಾರೆ. ಯಾವ ನೆಂಟರು ಎಂದು ಊರಿಗೆ ಗೊತ್ತಿರುತ್ತದೆ.

ಅವಳು ಹಿಂದಿರುಗಿದ ಮೇಲೆ ಯಾರೂ ಕೆಟ್ಟ ಮಾತಾಡುವುದಿಲ್ಲ. ನಮ್ಮ ಊರುಗಳು ಅಷ್ಟು ಒರಟಲ್ಲ. ಎಲ್ಲರೂ ಅಕ್ಕರೆಯಿಂದಲೇ ಕೇಳುತ್ತಾರೆ: ‘ಈಗ ಹೇಗಿದ್ದೀಯಮ್ಮ?’ ಆ ‘ಈಗ’ ಎಂಬ ಎರಡಕ್ಷರವೇ ಬಾಣ. ಹೂವಿನವಳು ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಡುತ್ತಾಳೆ. ಅರಿಸಿನ ಕುಂಕುಮಕ್ಕೆ ಕರೆದವರು ಹಸುಗೂಸನ್ನು ಅವಳ ತೊಡೆಯಿಂದ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ಅತ್ತೆ ಒಲೆಯ ಬಳಿ ಸುಳಿದಾಡುತ್ತಿರುತ್ತಾರೆ. ಒಂದೊಂದೂ ಸಣ್ಣದು, ಒಂದೊಂದಕ್ಕೂ ಒಳ್ಳೆಯ ಕಾರಣವಿದೆ. ಎಲ್ಲ ಸೇರಿದಾಗ ಪಂಜರವಾಗುತ್ತದೆ. ಕಾದಂಬರಿಗೆ ಈ ಹೆಸರು ಎಷ್ಟು ತಕ್ಕದ್ದೆಂದು ಆಗ ತಿಳಿಯುತ್ತದೆ.

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ, 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿ ಕೋಣೆಯಲ್ಲಿ ಸಂಭ್ರಮದ ಜೊತೆಗೇ ಅಪಾಯವೂ ಇರುತ್ತದೆ ಎಂದು ಬರೆದ ಲೇಖಕಿಯ ಬದುಕು ಅಲ್ಲಿಯೇ ಮುಗಿದದ್ದನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ. ಕಾಯಿಲೆಯನ್ನು ದೆವ್ವವೆಂದಾಗಲೀ ಕರ್ಮವೆಂದಾಗಲೀ ಬರೆಯದೆ ಕಾಯಿಲೆಯೆಂದೇ ಬರೆದದ್ದು ಅವರ ದೊಡ್ಡ ಕೊಡುಗೆ.

ಆದರೂ ನನ್ನದೊಂದು ತಕರಾರಿದೆ. ಗಂಡನಿಗೆ ಇನ್ನೊಬ್ಬ ಹೆಂಗಸಿನ ಸಂಬಂಧ ಇಟ್ಟದ್ದರಿಂದ ಕಥೆಗೆ ಬಿಗಿ ಬಂತು ನಿಜ. ಓದುಗರಾದ ನಮಗೆ ಬಯ್ಯಲು ಒಬ್ಬ ಸಿಕ್ಕಿದ. ಅವನನ್ನು ಬಯ್ದು, ಕಾವೇರಿಗಾಗಿ ಅತ್ತು, ಪುಸ್ತಕ ಮುಚ್ಚಿ ಎದ್ದೆವು. ಗಂಡ ನಿಷ್ಠನಾಗಿದ್ದಿದ್ದರೆ ಕಾವೇರಿ ಬದುಕಿಕೊಳ್ಳುತ್ತಿದ್ದಳೇ? ನನಗೇನೋ ನಂಬಿಕೆಯಿಲ್ಲ. ಸುತ್ತಲಿನ ಕಣ್ಣುಗಳು ಅವಳನ್ನು ಅದಕ್ಕೆ ಮೊದಲೇ ದಣಿಸಿದ್ದವು. ಆ ಕಣ್ಣುಗಳಲ್ಲಿ ಹೆಚ್ಚಿನವು ಹೆಂಗಸರವೇ, ಅಂದರೆ ನಮ್ಮವೇ. ಕೊನೆಯ ಪೆಟ್ಟು ಎಷ್ಟು ಜೋರಾಗಿದೆಯೆಂದರೆ ಮೊದಲಿನ ನೂರು ಪೆಟ್ಟುಗಳು ಮರೆತೇ ಹೋಗುತ್ತವೆ.

ಸಿನಿಮಾದಲ್ಲಿ ಈ ಮರೆವು ಇನ್ನೂ ಹೆಚ್ಚು. ಕಲ್ಪನಾ ಅವರ ಅಭಿನಯವನ್ನು ಹೊಗಳದವರಿಲ್ಲ, ನಾನೂ ಹೊಗಳುವವಳೇ. ಆದರೆ ಊರ ಶಾಲೆಗಳ ವಾರ್ಷಿಕೋತ್ಸವದಲ್ಲಿ ಹುಡುಗಿಯರು ಏಕಪಾತ್ರಾಭಿನಯಕ್ಕೆ ಆರಿಸಿಕೊಳ್ಳುವುದು ಕೆದರಿದ ಕೂದಲಿನ ಕಾವೇರಿಯನ್ನು. ಗುಣವಾಗಿ ಬಂದು, ನೀಟಾಗಿ ತಲೆ ಬಾಚಿಕೊಂಡು, ‘ನನ್ನನ್ನು ನಂಬಿ’ ಎಂದು ಮನೆಗೆಲಸ ಮಾಡುತ್ತಿದ್ದ ಕಾವೇರಿಯನ್ನು ಯಾರೂ ಅಭಿನಯಿಸುವುದಿಲ್ಲ. ನೋಡಬೇಕಾದ್ದು ಅವಳನ್ನು.

ಕಾದಂಬರಿ ಬಂದಾಗಿಗಿಂತ ಈಗ ಎಷ್ಟೋ ಬದಲಾಗಿದೆ. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ತೀವ್ರ ಕಾಯಿಲೆ ಬರುತ್ತದೆ. ಸಾಮಾನ್ಯವಾಗಿ ಹೆರಿಗೆಯ ನಂತರದ ಎರಡು ವಾರದೊಳಗೇ ಕಾಣಿಸಿಕೊಳ್ಳುತ್ತದೆ. ತಡಮಾಡದೆ ಚಿಕಿತ್ಸೆ ಕೊಡಿಸಿದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡು ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. 2022ರಲ್ಲಿ ಆರಂಭವಾದ 14416 ಎಂಬ ಸರ್ಕಾರಿ ಸಹಾಯವಾಣಿಗೆ ಬೇತಮಂಗಲದ ಅಡುಗೆಮನೆಯಿಂದಲೇ ಫೋನು ಮಾಡಬಹುದು.

ಕಾನೂನು ಮಗುವನ್ನು ತಾಯಿಯ ಬಳಿ ಇರಿಸಿತು. ಅರಿಸಿನ ಕುಂಕುಮದ ದಿನ ಆ ಮಗುವನ್ನು ಅವಳ ತೊಡೆಯಿಂದ ಎತ್ತಿಕೊಳ್ಳುವವರು ನಾವು; ನಮ್ಮನ್ನು ತಡೆಯಲು ಯಾವ ಕಾಯ್ದೆಯೂ ಇಲ್ಲ. ಅದಕ್ಕೇ ‘ಶರಪಂಜರ’ ಹಳೆಯದಾಗಿಲ್ಲ. ಇನ್ನೊಮ್ಮೆ ಓದುವುದಾದರೆ, ಗಂಡನ ವಿಷಯ ಬರುವುದಕ್ಕೆ ಮೊದಲಿನ ಪುಟಗಳನ್ನು ನಿಧಾನವಾಗಿ ಓದಿ. ಅಲ್ಲಿ ಬಂದುಹೋಗುವ ಯಾವ ಮಾತನ್ನು ನಾವು ನಮ್ಮ ಬೀದಿಯಲ್ಲಿ ಆಡಿದ್ದೇವೆ ಎಂದು ನೋಡಿಕೊಳ್ಳಿ. ಆಮೇಲೆ ಆಸ್ಪತ್ರೆಯಿಂದ ಬಂದ ಯಾರಾದರೂ ಎದುರಾದರೆ, ‘ಈಗ ಹೇಗಿದ್ದೀಯ’ ಎನ್ನುವುದನ್ನು ಬಿಟ್ಟು, ‘ಇವತ್ತು ಏನು ಸಾರು ಮಾಡಿದೆ?’ ಎಂದು ಕೇಳಿದರೂ ಸಾಕು. ಎಲ್ಲರನ್ನೂ ಕೇಳುವುದನ್ನೇ ಅವಳನ್ನೂ ಕೇಳಿದ ಹಾಗಾಗುತ್ತದೆ.