ಸ್ಥಾಪಕರಿಲ್ಲದ ಮೇಳ: ‘ಇಂಡಿಯನ್ ಓಷನ್’ ಮತ್ತು ಅದರ ‘ತಂದನು’

ಮೇಳವೊಂದನ್ನು ಕಟ್ಟಿದ ಇಬ್ಬರೂ ಅದರಲ್ಲಿ ಇಲ್ಲವಾದ ಮೇಲೆ ಆ ಮೇಳದ ಹೆಸರು ಯಾರಿಗೆ ಸಲ್ಲತಕ್ಕದ್ದು? ದಿಲ್ಲಿಯ ‘ಇಂಡಿಯನ್ ಓಷನ್’ ವಾದ್ಯಮೇಳವು 2014ರಲ್ಲಿ ಹೊರತಂದ ‘ತಂದನು’ ಎಂಬ ಧ್ವನಿಮುದ್ರಿಕೆಯನ್ನು ಆಲಿಸುವವರಿಗೆ ಈ ಪ್ರಶ್ನೆಯನ್ನು ಬದಿಗಿಡುವುದು ಸಾಧ್ಯವಾಗದು. 1990ರಲ್ಲಿ ಮೇಳವನ್ನು ಸ್ಥಾಪಿಸಿದವರು ಗಿಟಾರ್ ವಾದಕ ಸುಸ್ಮಿತ್ ಸೇನ್ ಹಾಗೂ ಅಶೀಂ ಚಕ್ರವರ್ತಿ. ಚಕ್ರವರ್ತಿಯವರು 2009ರ ಡಿಸೆಂಬರ್ 25ರಂದು ತೀರಿಕೊಂಡರು. ಸೇನರು 2013ರಲ್ಲಿ ಮೇಳವನ್ನು ಬಿಟ್ಟರು.

ಚಕ್ರವರ್ತಿಯವರು ತಬಲವನ್ನು ನುಡಿಸುತ್ತಲೇ ಹಾಡುತ್ತಿದ್ದರು. ಅವರಲ್ಲಿ ಕೊರಳೂ ಕೈಯೂ ಒಂದೇ ಉಸಿರಿಗೆ ಬದ್ಧವಾಗಿದ್ದವು. ಅವರ ಸ್ಥಾನವನ್ನು ತುಂಬಲು ಇಬ್ಬರು ಬೇಕಾದರು: ಗಾಯನಕ್ಕೆ ಹಿಮಾಂಶು ಜೋಶಿ, ತಬಲಕ್ಕೆ ತುಹೀನ್ ಚಕ್ರವರ್ತಿ. ಇಬ್ಬರೂ ಸಮರ್ಥರೇ. ಆದರೆ ಒಬ್ಬನೇ ಹಾಡಿ ನುಡಿಸುವಾಗ ಹುಟ್ಟುವ ತಡೆ, ಎಳೆತ, ಹಠಾತ್ತನೆಯ ಬಿಡುವು ಇವುಗಳನ್ನು ಇಬ್ಬರಲ್ಲಿ ಹಂಚಲು ಬರುವುದಿಲ್ಲ. 2000ದ ‘ಕಂದೀಸ’ವನ್ನು ಬಲ್ಲವರಿಗೆ ಈ ಮಾತು ಬೇಗನೆ ಮನವರಿಕೆಯಾದೀತು. ಅರಮೇಯಿಕ್ ಭಾಷೆಯ ಪ್ರಾರ್ಥನೆಯೊಂದೂ ನರ್ಮದಾ ಕಣಿವೆಯ ನದೀಸ್ತುತಿಯೂ ಅದರಲ್ಲಿ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ.

‘ತಂದನು’ವಿನಲ್ಲಿ ಮೇಳವು ಹಿಡಿದ ಮಾರ್ಗ ಬೇರೆ. ಹಾಡುಗಳು ಏಳು; ಹಾಡಿಗೊಬ್ಬರಂತೆ ಅತಿಥಿಗಳೂ ಏಳು ಮಂದಿ. ಶುಭಾ ಮುದ್ಗಲ್, ಶಂಕರ್ ಮಹಾದೇವನ್, ವಿಶ್ವಮೋಹನ ಭಟ್ಟ, ಪಿಟೀಲಿನ ಕುಮರೇಶ್ ಮೊದಲಾದ ಹೆಸರುಗಳು ಯಾವ ವೇದಿಕೆಗೂ ಶೋಭೆ ತರತಕ್ಕವು. ಕರಾವಳಿಯ ಯಕ್ಷಗಾನ ಮೇಳಗಳು ವಿಶೇಷ ರಾತ್ರಿಗಳಲ್ಲಿ ಅತಿಥಿ ಕಲಾವಿದರನ್ನು ಬರಮಾಡಿಕೊಳ್ಳುವ ಪದ್ಧತಿಯನ್ನು ವಾಚಕರು ಬಲ್ಲರು. ಅಂಥ ರಾತ್ರಿ ಜನ ನೆರೆಯುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಮೇಳದ ಸ್ವಂತ ಭಾಗವತಿಕೆ ಹೇಗಿದೆಯೆಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಧ್ವನಿಮುದ್ರಿಕೆಯ ಗುಣವೂ ದೋಷವೂ ಇದೇ. ಆತಿಥ್ಯ ಉದಾರವಾಗಿದೆ; ಆತಿಥೇಯನು ತನ್ನ ಮನೆಯಲ್ಲಿಯೇ ತುಸು ಸಂಕೋಚದಿಂದ ನಿಂತಿದ್ದಾನೆ. ಸೇನರ ಗಿಟಾರು ಹಾಡಿಗೆ ನೆಲಗಟ್ಟಾಗಿತ್ತು. ಅವರ ಸ್ಥಾನಕ್ಕೆ ಬಂದ ನಿಖಿಲ್ ರಾವ್ ಅವರು ಆ ನೆಲಗಟ್ಟನ್ನು ಅನುಕರಿಸಲು ಹೋಗದಿರುವುದು ವಿವೇಕ.

ಮೇಳದ ಉಳಿದಿಬ್ಬರು ಹಳಬರು ತಾಳವಾದ್ಯದ ಅಮಿತ್ ಕಿಲಂ ಮತ್ತು ಬೇಸ್ ಗಿಟಾರಿನ ರಾಹುಲ್ ರಾಮ್. ರಾಹುಲ್ ರಾಮ್ ಅವರ ಮನೆತನ ದಿಲ್ಲಿಯ ಕನ್ನಡಿಗರಿಗೆ ಅಪರಿಚಿತವಲ್ಲ. ತಂದೆ ದಿಲ್ಲಿ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಎಚ್. ವೈ. ಮೋಹನರಾಮ್, ದೊಡ್ಡಪ್ಪ ಎಚ್. ವೈ. ಶಾರದಾಪ್ರಸಾದ್, ತಾತ ಕರ್ನಾಟಕ ಸಂಗೀತದ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ. ರಕ್ತದಿಂದ ರಾಗ ಇಳಿದುಬರುವುದೆಂಬ ವಾದವನ್ನು ಯಾರೂ ಒಪ್ಪಬೇಕಾಗಿಲ್ಲ. ಆದರೂ ನಮ್ಮ ಜನಪದ ಗಾಯಕರ ‘ತಂದಾನ ತಾನ’ ಸೊಲ್ಲನ್ನು ನೆನಪಿಸುವ ಶಬ್ದವೊಂದು ಕರೋಲ್‌ಬಾಗಿನ ಹಳೆಯ ಮನೆಯಲ್ಲಿ ಅಭ್ಯಾಸ ಮಾಡಿ ಬೆಳೆದ ಮೇಳದ ಮುದ್ರಿಕೆಗೆ ಹೆಸರಾದುದು ಕನ್ನಡದ ಕಿವಿಗೆ ಹಿತವೇ.

ಮುಂದಿನ ಮುದ್ರಿಕೆ ‘ತೂ ಹೈ’ ಹೊರಬಂದುದು 2023ರಲ್ಲಿ, ಒಂಬತ್ತು ವರ್ಷಗಳ ತರುವಾಯ. ‘ತಂದನು’ವನ್ನು ಕೇಳಿದ ಬಳಿಕ ಈ ವಿಳಂಬವು ಆಶ್ಚರ್ಯವೆನಿಸದು, ಅತಿಥಿಗಳನ್ನು ಬೀಳ್ಕೊಟ್ಟ ಮೇಲೆ ತಮ್ಮ ಮನೆಯಲ್ಲಿ ತಾವೇ ಕುಳಿತು ಹಾಡುವುದಕ್ಕೆ ಕಾಲ ಬೇಕಾಗುತ್ತದೆ.