ಕ್ಯಾಲ್ವಿನ್ ಹೆಸರು, ಐದು ಉತ್ತರಗಳು

‘ನಾನು ಕ್ಯಾಲ್ವಿನಿಸ್ಟ್’ ಎಂದು ಹೇಳಿಕೊಳ್ಳುವ ವಿಶ್ವಾಸಿಗಳಿದ್ದಾರೆ. ಹಾಗೆಂದರೇನು ಎಂದು ಕೇಳಿದರೆ ಬಹಳ ಮಂದಿ ಐದು ಅಂಶಗಳನ್ನು ಎಣಿಸುತ್ತಾರೆ: ಮನುಷ್ಯನ ಸಂಪೂರ್ಣ ಪತನ, ದೇವರ ಷರತ್ತಿಲ್ಲದ ಆಯ್ಕೆ, ಆಯ್ಕೆಯಾದವರಿಗಾಗಿಯೇ ನಡೆದ ಪ್ರಾಯಶ್ಚಿತ್ತ, ತಡೆಯಲಾಗದ ಕೃಪೆ, ಭಕ್ತರು ಕೊನೆಯವರೆಗೂ ನೆಲೆನಿಲ್ಲುವುದು. ಇವುಗಳ ಇಂಗ್ಲಿಷ್ ಮೊದಲಕ್ಷರಗಳು ಸೇರಿ ‘ಟ್ಯೂಲಿಪ್’ ಆಗುತ್ತವೆ. ನೆನಪಿಗೆ ಸುಲಭ. ಆ ಸುಲಭದ ಬಗ್ಗೆಯೇ ನನ್ನ ತಕರಾರು.

ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ತೀರಿಕೊಂಡದ್ದು 1564ರಲ್ಲಿ. ಆಯ್ಕೆಯ ಈ ಬೋಧನೆಯನ್ನು ಪ್ರಶ್ನಿಸಿದ ಡಚ್ ದೇವತಾಶಾಸ್ತ್ರಜ್ಞ ಅರ್ಮಿನಿಯಸ್‌ನ ಅನುಯಾಯಿಗಳು ತಮ್ಮ ಐದು ವಾದಗಳನ್ನು ಮುಂದಿಟ್ಟದ್ದು 1610ರಲ್ಲಿ. ಹಾಲೆಂಡಿನ ಡೋರ್ಟ್ ಮಹಾಸಭೆ ಅವಕ್ಕೆ ಉತ್ತರ ಕೊಟ್ಟದ್ದು 1618–19ರಲ್ಲಿ. ಐದು ಎಂಬ ಲೆಕ್ಕ ಗೊತ್ತುಮಾಡಿದವರು ಎದುರುಪಕ್ಷದವರು! ಕ್ಯಾಲ್ವಿನ್ ಸ್ವತಃ 1536ರಿಂದ 1559ರವರೆಗೆ ಹಿಗ್ಗಿಸುತ್ತ ಹೋದ ‘ಇನ್‌ಸ್ಟಿಟ್ಯೂಟ್ಸ್’ ಗ್ರಂಥದ ಕೊನೆಯ ರೂಪದಲ್ಲಿ ಆಯ್ಕೆಯ ವಿಚಾರ ಬರುವ ಮುನ್ನ ಪ್ರಾರ್ಥನೆಯ ಕುರಿತ ಸುದೀರ್ಘ ಅಧ್ಯಾಯವಿದೆ. ಮೊಣಕಾಲೂರಿದ ಮೇಲೆ ಮಾತಾಡಬೇಕಾದ ಗುಟ್ಟನ್ನು ನಾವು ಪರಿಚಯ ಹೇಳುವಾಗಲೇ ಎತ್ತಿಕೊಳ್ಳುತ್ತೇವೆ.

ಹಾಗಾದರೆ ಹೆಸರೇ ಬೇಡವೇ? ತನ್ನ ಹೆಸರಿನಿಂದ ಯಾರೂ ಕರೆದುಕೊಳ್ಳಬಾರದೆಂದು ಲೂಥರ್ 1522ರಲ್ಲೇ ಬೇಡಿಕೊಂಡಿದ್ದ. ಪೌಲನೂ ಕೊರಿಂಥದವರನ್ನು ಇದೇ ವಿಷಯಕ್ಕೆ ಗದರಿಸಿದ್ದ. ಆದರೆ ‘ನಾನು ಬರೀ ಕ್ರೈಸ್ತ’ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಅಮೆರಿಕದಲ್ಲಿ 1809ರಲ್ಲಿ ಥಾಮಸ್ ಕ್ಯಾಂಪ್‌ಬೆಲ್ ಪಂಗಡಗಳ ಹೆಸರು ತೊರೆದು ಬೈಬಲ್ ಒಂದೇ ಸಾಕೆಂದರು. ಆ ಚಳವಳಿ ಒಡೆದು, 1906ರ ಸರ್ಕಾರಿ ಧಾರ್ಮಿಕ ಗಣತಿಯಲ್ಲಿ ಎರಡು ಪಂಗಡಗಳಾಗಿ ದಾಖಲಾಯಿತು. ಹೆಸರು ಬಿಟ್ಟ ಮಾತ್ರಕ್ಕೆ ನಾವು ಬೈಬಲ್ ಓದುವ ರೀತಿ ಯಾರಿಂದಲೋ ಕಲಿತದ್ದು ಎಂಬ ಸತ್ಯ ಅಳಿಯುವುದಿಲ್ಲ. ಗುರುವನ್ನು ಹೇಳದ ಶಿಷ್ಯನಿಗಿಂತ ಹೇಳುವವನು ಪ್ರಾಮಾಣಿಕ.

ನಮ್ಮ ನೆಲದ ಅನುಭವ ಇಲ್ಲಿ ನೆರವಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನಲ್ಲಿ ಲೂಥರನ್ ಮನೆಯವರೂ ಇದ್ದರು, ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಮನೆಯವರೂ ಇದ್ದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಒಂದೇ ಸಭೆಯಾದವು. ಯಾರೂ ತಮ್ಮ ಹಿರಿಯರನ್ನು ಮರೆಯಬೇಕಾಗಲಿಲ್ಲ. ಕರ್ತನ ಮೇಜಿನ ಬಳಿ ಆ ಹೆಸರುಗಳು ಅಡ್ಡ ನಿಲ್ಲಲಿಲ್ಲ, ಅಷ್ಟೆ.

ಆದ್ದರಿಂದ ಕ್ಯಾಲ್ವಿನಿಸ್ಟ್ ಎನ್ನುವವರಲ್ಲಿ ನನ್ನದೊಂದು ಕೋರಿಕೆ. ಡೋರ್ಟ್ ಸಭೆ ಎತ್ತಿಹಿಡಿದ ಇನ್ನೊಂದು ಪುಸ್ತಕವಿದೆ: 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ. ಅದರ ಮೊದಲ ಪ್ರಶ್ನೆ, ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಸಮಾಧಾನ ಯಾವುದು ಎಂಬುದು. ನಾನು ನನ್ನವನಲ್ಲ, ಕ್ರಿಸ್ತನವನು ಎಂಬುದೇ ಉತ್ತರದ ತಿರುಳು. ಯಾರ ಕಡೆಯವನು ಎಂದು ಕೇಳಿದವರಿಗೆ ಮೊದಲು ಅದನ್ನು ಹೇಳಿ. ಐದು ಅಂಶಗಳು ಆಮೇಲೆ ಬರಲಿ.