ಪೆಟ್ಟಿನಿಂದ ಹುಟ್ಟಿದ ಕೆಂಪು

ಬಾಸ್ಟನ್ನಿನ ಆಭರಣ ವ್ಯಾಪಾರಿ ಸಿಡ್ನಿ ಡಿಯಂಗ್ ಒಮ್ಮೆ ಯಾರದೋ ಮನೆತನದ ಹಳೆಯ ಒಡವೆಗಳನ್ನು ಒಟ್ಟಿಗೆ ಕೊಂಡ. ಅದರಲ್ಲೊಂದು ಟೋಪಿ ಪಿನ್ನು. ತುದಿಯ ಕೆಂಪು ಕಲ್ಲನ್ನು ಎಲ್ಲರೂ ಗಾರ್ನೆಟ್ ಎಂದೇ ನಂಬಿದ್ದರು. ಪರೀಕ್ಷಿಸಿದರೆ ವಜ್ರ, ಅದೂ 5.03 ಕ್ಯಾರೆಟ್! ನಂಬಿದವರನ್ನು ದೂರುವಂತಿಲ್ಲ. ಕೆಂಪು ಹರಳು ಕಂಡರೆ ಮಾಣಿಕ್ಯವೋ ಗಾರ್ನೆಟ್ಟೋ ಎಂದು ಯೋಚಿಸುತ್ತೇವೆಯೇ ಹೊರತು ವಜ್ರ ಯಾರ ತಲೆಗೂ ಹೊಳೆಯುವುದಿಲ್ಲ.

ಮಾಣಿಕ್ಯದ ಕೆಂಪಿಗೆ ಕಾರಣ ಚಿಟಿಕೆ ಕ್ರೋಮಿಯಂ. ವಜ್ರಗಳಲ್ಲೂ ಹಳದಿಗೆ ಸಾರಜನಕ, ನೀಲಿಗೆ ಬೋರಾನ್. ಕೆಂಪು ವಜ್ರಕ್ಕೆ ಸಾಮಾನ್ಯವಾಗಿ ಇಂಥ ಹೊರಗಿನ ನಂಟೇ ಇಲ್ಲ. ನೆಲದಾಳದ ಕಾವಿನಲ್ಲಿ, ಅಸಾಧ್ಯ ಒತ್ತಡದಲ್ಲಿ ಇಂಗಾಲದ ಪರಮಾಣುಗಳ ಸಾಲುಗಳೇ ಜಾರಿ ತಿರುಚಿಕೊಂಡಿವೆ. ಆ ಜಾಗಗಳು ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತವೆ. ಗುಲಾಬಿ ವಜ್ರಕ್ಕೂ ಇದೇ ಪೆಟ್ಟು ಬಿದ್ದಿರುತ್ತದೆ, ಕೆಂಪಿಗೆ ಇನ್ನೂ ಜೋರಾಗಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣ ಎಳೆಎಳೆಯಾಗಿ, ಪದರಪದರವಾಗಿ ಕಾಣುವುದುಂಟು. ಆದರೆ ಹಸಿರನ್ನೇ ಹೆಕ್ಕಿ ನುಂಗುವ ಆ ದೋಷದ ಒಳರಚನೆ ಎಂಥದ್ದೆಂದು ವಿಜ್ಞಾನಿಗಳು ಇನ್ನೂ ಪೂರ್ತಿ ಬಿಡಿಸಿಲ್ಲ. ಅವರಿಗೆ ಅವಸರ ಬೇಡ ಎಂದು ನನಗೆ ಒಳಗೊಳಗೇ ಆಸೆ.

ಬೇರೆ ಬಣ್ಣದ ವಜ್ರಗಳಿಗೆ ತಿಳಿ, ಗಾಢ ಎಂದು ದರ್ಜೆಗಳಿವೆ. ಕೆಂಪಿಗೆ ಇರುವುದು ಒಂದೇ. ತಿಳಿಯಾಯಿತೋ, ಅದು ಗುಲಾಬಿಯ ಪಾಲು.

ಬೆಲೆಯ ಮಾತು ಬೇಗ ಮುಗಿಸಿಬಿಡೋಣ: 1987ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕ್ಯಾರೆಟ್ಟೂ ತುಂಬದ ಹ್ಯಾನ್‌ಕಾಕ್ ರೆಡ್ 8,80,000 ಡಾಲರಿಗೆ ಹೋಯಿತು. ಇದುವರೆಗೆ ತಿಳಿದಿರುವವುಗಳಲ್ಲಿ ಅತಿ ದೊಡ್ಡದಾದ ಮುಸಾಯೆಫ್ ರೆಡ್ ಕೂಡ 5.11 ಕ್ಯಾರೆಟ್ ಅಷ್ಟೇ. ಆಗೊಂದು ಈಗೊಂದು ಕೆಂಪು ಹರಳು ಕೊಡುತ್ತಿದ್ದ ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿತು.

ನನ್ನ ಮನಸ್ಸು ನಿಲ್ಲುವುದು 2.33 ಕ್ಯಾರೆಟ್‌ನ ವಿನ್‌ಸ್ಟನ್ ರೆಡ್ ಬಳಿ. 1938ರಲ್ಲಿ ಆಭರಣ ವ್ಯಾಪಾರಿ ಕಾರ್ಟಿಯೆಯವರಿಂದ ನವಾನಗರದ ಅರಸ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಇದನ್ನು ಕೊಂಡಿದ್ದರು. 2025ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಹಳೆಯ ಕಾಲದ ಸಾಣೆ. ಹೊಸ ಸಾಣೆಯ ವಜ್ರದಂತೆ ಬೆಳಕನ್ನು ಪುಡಿಪುಡಿಯಾಗಿ ಎರಚುವುದಿಲ್ಲ, ದಪ್ಪದಪ್ಪ ತುಣುಕುಗಳಾಗಿ ನಿಧಾನಕ್ಕೆ ಹೊರಳಿಸುತ್ತದೆ. ಮಿಂಚು ಮಿತಿಮೀರಿದರೆ ಬಣ್ಣದ ಮೇಲೆ ಕಣ್ಣು ಊರುವುದಕ್ಕೇ ಆಗದು. ತೂಕ ಕಳೆದೀತೆಂಬ ಭಯವೋ, ನಿಜವಾದ ರಸಿಕತೆಯೋ, ಇಷ್ಟು ಕೈ ದಾಟಿದರೂ ಯಾರೂ ಅದನ್ನು ಹೊಸ ಮಾದರಿಗೆ ಸಾಣೆ ಹಿಡಿಸಲಿಲ್ಲ. ಅವರಿಗೆಲ್ಲ ನನ್ನದೊಂದು ನಮಸ್ಕಾರ.